ದೊಡ್ಡ ಯೋಜನೆಗಳ ಲಾಭ-ವೆಚ್ಚದ ಲೆಕ್ಕ ಕಲಿಯುವುದು ಹೇಗೆ? ಪಕ್ಕದ ನಾಲೆಯಿಂದಲೇ ಶುರು ಮಾಡಿ

ಮಂಡ್ಯದಲ್ಲಿ ಸಿವಿಲ್ ಓದಿದ್ದೀರಿ, ಸೂತ್ರಗಳು ಗೊತ್ತು, ಆದರೆ ನಿಜವಾದ ಯೋಜನೆಯೊಂದು ಮುಂದೆ ಬಂದರೆ ಲಾಭ-ವೆಚ್ಚದ ಲೆಕ್ಕ ಎಲ್ಲಿಂದ ಹಿಡಿಯಬೇಕು ಅಂತ ತಿಳಿಯುವುದಿಲ್ಲ ಎಂದು ಕೇಳಿದ್ದೀರಿ. ಇನ್ನೊಂದು ಕೋರ್ಸ್ ಹುಡುಕಬೇಡಿ. ವಿಶ್ವೇಶ್ವರಯ್ಯ ನಾಲೆಯ ಯಾವುದಾದರೂ ಒಂದು ಉಪನಾಲೆಗೆ ಕಾಂಕ್ರೀಟ್ ಲೈನಿಂಗ್ (ನೀರು ಬಸಿಯದಂತೆ ಒಳಮೈಗೆ ಹೊದಿಕೆ) ಹಾಕುವ ಕೆಲಸವನ್ನೇ ತೆಗೆದುಕೊಂಡು, ಒಂದು ಎಕ್ಸೆಲ್ ಹಾಳೆಯನ್ನು ಮೊದಲಿನಿಂದ ಕೊನೆವರೆಗೆ ನೀವೇ ತುಂಬಿಸಿ. ಅಣೆಕಟ್ಟು, ಮೆಟ್ರೋ, ಸಬ್ಸಿಡಿ ಯಾವುದರ ಲೆಕ್ಕದಲ್ಲೂ ಎದುರಾಗುವ ಕಷ್ಟ ಬಹುಪಾಲು ಅಲ್ಲೇ ಸಿಗುತ್ತದೆ.

ಮೊದಲು ಎರಡು ಕಂಬಸಾಲು ಎಳೆಯಿರಿ: ಯೋಜನೆ ಆದರೆ ಏನು, ಆಗದಿದ್ದರೆ ಏನು. ‘ಮುಂಚೆ’ ಮತ್ತು ‘ಆಮೇಲೆ’ ಅಲ್ಲ. ಲೈನಿಂಗ್ ಆಗದಿದ್ದರೂ ರೈತರು ಬೋರ್ ಕೊರೆಸುತ್ತಾರೆ, ಬೆಳೆ ಬದಲಿಸುತ್ತಾರೆ, ನಾಲೆ ಇನ್ನಷ್ಟು ಹೂಳು ತುಂಬಿಕೊಳ್ಳುತ್ತದೆ. ಇವೆಲ್ಲ ‘ಆಗದಿದ್ದರೆ’ ಸಾಲಿಗೆ ಸೇರಬೇಕು. ಎರಡು ಸಾಲುಗಳ ವ್ಯತ್ಯಾಸ ಮಾತ್ರ ಯೋಜನೆಯ ಲಾಭ. ನನ್ನ ಪ್ರಕಾರ ಇಡೀ ಲೆಕ್ಕದಲ್ಲಿ ಹೆಚ್ಚು ಶ್ರಮ ಬೇಡುವುದು ಈ ಎರಡನೇ ಸಾಲು. ಹೆಚ್ಚಿನವರು ಅದನ್ನು ಸೊನ್ನೆ ಬರೆದು ದಾಟಿಬಿಡುತ್ತಾರೆ.

ಅಭ್ಯಾಸಕ್ಕೆ ಕೆಲವು ಅಂಕಿ ಇಟ್ಟುಕೊಳ್ಳೋಣ. ಇವು ಕಲಿಯುವುದಕ್ಕೆ ಮಾತ್ರ. ಖರ್ಚು ವರ್ಷಕ್ಕೆ 20 ಕೋಟಿಯಂತೆ ಮೂರು ವರ್ಷ (0, 1, 2; ಸೊನ್ನೆ ಎಂದರೆ ಇಂದು). ಮೂರನೇ ವರ್ಷದಿಂದ 25 ವರ್ಷ ಕಾಲ, ನಾಲೆಯ ಕೊನೆ ಭಾಗದ ಗದ್ದೆಗಳಲ್ಲಿ ಸಾಗುವಳಿ ಖರ್ಚು ಕಳೆದು ಸಿಗುವ ಹೆಚ್ಚುವರಿ ಆದಾಯ ವರ್ಷಕ್ಕೆ 9 ಕೋಟಿ. ನಿರ್ವಹಣೆಗೆ ವರ್ಷಕ್ಕೆ 60 ಲಕ್ಷ. ಡಿಸ್ಕೌಂಟ್ ದರ, ಅಂದರೆ ಮುಂದೆ ಬರುವ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸಲು ಬಳಸುವ ವಾರ್ಷಿಕ ದರ, ಶೇ 10. ಖರ್ಚಿನ ಇಂದಿನ ಮೌಲ್ಯ 54.7 ಕೋಟಿ, ನಿರ್ವಹಣೆ ಕಳೆದ ಲಾಭದ್ದು 63 ಕೋಟಿ. ನಿವ್ವಳ 8.3 ಕೋಟಿ, ಯೋಜನೆ ಪಾಸಾದ ಹಾಗೆ ಕಾಣುತ್ತದೆ. ಎಕ್ಸೆಲ್‌ನ ಎನ್‌ಪಿವಿ (ನಿವ್ವಳ ಇಂದಿನ ಮೌಲ್ಯ) ಸೂತ್ರ ಬಳಸುವಾಗ ಒಂದು ಎಚ್ಚರ: ಅದು ಮೊದಲ ಅಂಕಿಯನ್ನು ಒಂದನೇ ವರ್ಷದ ಕೊನೆಯದೆಂದು ಎಣಿಸುತ್ತದೆ. ಸೊನ್ನೆ ವರ್ಷದ 20 ಕೋಟಿಯನ್ನು ಸೂತ್ರದ ಹೊರಗಿಟ್ಟು ಕಳೆಯಿರಿ. ಇಲ್ಲದಿದ್ದರೆ 8.3 ಬರಬೇಕಾದಲ್ಲಿ 7.5 ಬರುತ್ತದೆ.

ಈಗ ಆ 9 ಕೋಟಿಯನ್ನು ಕೆದಕಿ. ಮಣ್ಣಿನ ನಾಲೆಯಿಂದ ಬಸಿದ ನೀರು ಪೋಲಾಯಿತು ಎಂದು ಲೆಕ್ಕ ಹಿಡಿಯುವುದು ರೂಢಿ. ಆದರೆ ಆ ಬಸಿ ನೀರು ಪಕ್ಕದ ಬಾವಿ, ಬೋರ್‌ಗಳಿಗೆ ಇಳಿದಿರುತ್ತದೆ, ಹಳ್ಳ ಸೇರಿ ಕೆಳಗಿನ ಕೆರೆಗೂ ಹೋಗಿರುತ್ತದೆ. ಅದನ್ನು ಎತ್ತಿ ಕಬ್ಬು ಬೆಳೆಯುವವರು ಆಗಲೇ ಇದ್ದಾರೆ. ಲೈನಿಂಗ್ ಆದ ಮೇಲೆ ನೀರು ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗ ತಲುಪುತ್ತದೆ, ಸರಿ. ಆದರೆ ನಡುವಿನ ಬಾವಿಗಳು ಇಳಿಯುತ್ತವೆ. ಅಷ್ಟರಮಟ್ಟಿಗೆ ಅದು ಹೊಸ ನೀರಲ್ಲ, ಜಾಗ ಬದಲಿಸಿದ ನೀರು. ಲಾಭದ ಶೇ 40 ಇಂಥದ್ದು ಎಂದುಕೊಂಡರೆ 9 ಕೋಟಿ 5.4ಕ್ಕೆ ಇಳಿದು, ನಿವ್ವಳ ಮೈನಸ್ 18.7 ಕೋಟಿ ಆಗುತ್ತದೆ. ಬಸಿ ನೀರಿನಿಂದ ಜೌಗು ಹಿಡಿದ ಜಮೀನು ಇದ್ದರೆ ಮಾತು ಬೇರೆ: ಅಲ್ಲಿ ಲೈನಿಂಗ್ ನಿಜವಾಗಿಯೂ ನೆಲ ಉಳಿಸುತ್ತದೆ, ಆ ಎಕರೆಗಳನ್ನು ಅಳೆದು ಲಾಭದ ಕಡೆ ಸೇರಿಸಿ. ಹಾಗಾಗಿ ಬಾವಿಗಳ ನೀರಿನ ಮಟ್ಟವನ್ನು ನಾಲೆಯಲ್ಲಿ ನೀರು ಹರಿಯುವಾಗ ಒಮ್ಮೆ, ನಿಲ್ಲಿಸಿ ತಿಂಗಳಾದ ಮೇಲೆ ಒಮ್ಮೆ ನೋಡದೆ ಈ ಲೆಕ್ಕ ಮುಗಿಯುವುದಿಲ್ಲ.

ಬರದ ವರ್ಷವೂ ಹಾಳೆಯಲ್ಲಿ ಇರಲಿ. ಕೆಆರ್‌ಎಸ್ 124.80 ಅಡಿ ಮುಟ್ಟಿದ ವರ್ಷದ ಇಳುವರಿಯನ್ನೇ 25 ವರ್ಷಕ್ಕೂ ಎಳೆಯಬಾರದು. 2023ರಲ್ಲಿ ಅಣೆಕಟ್ಟು ತುಂಬಲೇ ಇಲ್ಲ. ಹತ್ತರಲ್ಲಿ ಎರಡು ವರ್ಷ ಲಾಭ ಸೊನ್ನೆ ಎಂದಿಟ್ಟರೆ 9 ಕೋಟಿ ಸರಾಸರಿ 7.2 ಆಗುತ್ತದೆ. ಬೇರೇನನ್ನೂ ಮುಟ್ಟದೆ ನಿವ್ವಳ ಮೈನಸ್ 5.2.

ಇನ್ನು ಬೆಲೆ. ರೈತನ ಜೇಬಿನ ಲೆಕ್ಕ ಬೇರೆ, ಸಮಾಜದ ಲೆಕ್ಕ ಬೇರೆ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಬಾವಿ ಆಳಕ್ಕೆ ಇಳಿದು ಮೋಟಾರು ಹೆಚ್ಚು ಹೊತ್ತು ಓಡಿದರೆ ರೈತನಿಗೆ ಬಿಲ್ ಬರುವುದಿಲ್ಲ, ಆದರೆ ಆ ಕರೆಂಟ್ ಉತ್ಪಾದಿಸುವ ಖರ್ಚು ನಿಮ್ಮ ಹಾಳೆಯಲ್ಲಿ ಬರಲೇಬೇಕು. ಯೂರಿಯಾಕ್ಕೂ ಸಬ್ಸಿಡಿ ಸೇರಿಸಿದ ಪೂರ್ತಿ ಬೆಲೆ ಹಾಕಿ. ಕಾಮಗಾರಿಯ ಮೇಲಿನ ಜಿಎಸ್‌ಟಿಯನ್ನು ತೆಗೆಯಿರಿ. ಅದು ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗುವ ಹಣ. ಕೂಲಿಯನ್ನು ‘ಉದ್ಯೋಗ ಸೃಷ್ಟಿ’ ಎಂದು ಲಾಭದಲ್ಲಿ ತೋರಿಸುವುದು ತಪ್ಪು, ಅದು ಖರ್ಚು. ಬೆಳೆಯ ಆದಾಯ ಹಿಡಿದ ಮೇಲೆ ಜಮೀನಿನ ಬೆಲೆ ಏರಿದ್ದನ್ನೂ ಹಿಡಿದರೆ ಒಂದೇ ಲಾಭವನ್ನು ಎರಡು ಸಲ ಎಣಿಸಿದಂತೆ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಲಾಭ ಒಬ್ಬರಿಂದ ಇನ್ನೊಬ್ಬರಿಗೆ ಜಾಗ ಬದಲಿಸುವ ಇದನ್ನೇ ಇನ್ನೊಂದು ಬಗೆಯಲ್ಲಿ ಕಾಣಬಹುದು. ಬೈಪಾಸ್ ಆದ ಮೇಲೆ ಮದ್ದೂರಿನ ಹಳೇ ರಸ್ತೆಯ ಹೋಟೆಲ್ ಕಳೆದುಕೊಂಡ ಗಿರಾಕಿ ಬೇರೆ ಕಡೆ ತಿಂಡಿ ತಿನ್ನುತ್ತಾನೆ, ಆದ್ದರಿಂದ ಆ ನಷ್ಟದ ಬಹುಪಾಲು ದೇಶದ ಒಟ್ಟು ಲೆಕ್ಕದಲ್ಲಿ ವರ್ಗಾವಣೆ. ಆದರೂ ಯಾರಿಗೆ ಹೋಯಿತು, ಯಾರಿಗೆ ಬಂತು ಎಂಬ ಪಟ್ಟಿಯನ್ನು ಪಕ್ಕದಲ್ಲಿ ಬರೆಯದ ವರದಿಯನ್ನು ನಾನು ಪೂರ್ಣ ಎನ್ನಲಾರೆ. 2023ರ ಆಗಸ್ಟ್‌ನಿಂದ ಮುಖ್ಯ ಪಥದಲ್ಲಿ ಬೈಕ್, ಆಟೋ, ಟ್ರ್ಯಾಕ್ಟರ್ ಓಡುವಂತಿಲ್ಲ. ಕಾರಿನವರು ಉಳಿಸಿದ ಸಮಯದ ಎದುರಿಗೆ ಸರ್ವಿಸ್ ರಸ್ತೆಯಲ್ಲಿ ಇವರು ಕಳೆಯುವ ಸಮಯವೂ ಬರಬೇಕು.

ಡಿಸ್ಕೌಂಟ್ ದರದ ವಿಷಯದಲ್ಲಿ ಒಂದೇ ಸರಿಯುತ್ತರ ಇಲ್ಲ. ಬ್ರಿಟನ್ ಸರ್ಕಾರ ಶೇ 3.5 ಬಳಸುತ್ತದೆ, ಏಷ್ಯಾ ಅಭಿವೃದ್ಧಿ ಬ್ಯಾಂಕ್ 12 ಕೇಳುತ್ತಿದ್ದದ್ದನ್ನು 2017ರಲ್ಲಿ 9ಕ್ಕೆ ಇಳಿಸಿತು. ನಮ್ಮ ಮೊದಲ ಉದಾಹರಣೆಯೇ ಶೇ 8ಕ್ಕೆ 21.2 ಕೋಟಿ ಲಾಭ, ಶೇ 12ಕ್ಕೆ 1.3 ಕೋಟಿ ನಷ್ಟ. ಎಲ್ಲ ಅಂಕಿಗಳನ್ನೂ ಇಂದಿನ ಬೆಲೆಯಲ್ಲಿ ಹಾಕಿದ್ದರೆ ದರದಲ್ಲೂ ಹಣದುಬ್ಬರ ಸೇರಿರಬಾರದು. ಬ್ಯಾಂಕಿನ ಸಾಲದ ಬಡ್ಡಿಯನ್ನು ಹಾಗೇ ತಂದಿಡುವವರು ಇಲ್ಲೇ ಎಡವುತ್ತಾರೆ.

ನೀರಾವರಿ ಡಿಪಿಆರ್‌ಗಳಲ್ಲಿ (ವಿವರವಾದ ಯೋಜನಾ ವರದಿಗಳಲ್ಲಿ) ನೀವು ನೋಡುವ ಕನಿಷ್ಠ 1.5ರ ಲಾಭ-ವೆಚ್ಚ ಅನುಪಾತ (ಬರಪೀಡಿತ ಪ್ರದೇಶಕ್ಕೆ 1) ವಾರ್ಷಿಕ ಲಾಭವನ್ನು ವಾರ್ಷಿಕ ವೆಚ್ಚದಿಂದ ಭಾಗಿಸಿದ್ದು. ಕಾಮಗಾರಿ ಎಷ್ಟು ವರ್ಷ ಎಳೆದರೂ, ಅಂದಾಜು ವೆಚ್ಚ ಏರದಿದ್ದರೆ, ಅದು ಅಲುಗುವುದಿಲ್ಲ. ಅದೇ 60 ಕೋಟಿ ಐದು ವರ್ಷಕ್ಕೆ ಹಂಚಿ, ನೀರು ಎರಡು ವರ್ಷ ತಡವಾಗಿ ಬಂದರೆ ನಮ್ಮ 8.3 ಕೋಟಿ 2ಕ್ಕೆ ಇಳಿಯುತ್ತದೆ. ಡಿಪಿಆರ್ ಕೈಗೆ ಬಂದ ಕೂಡಲೇ ಆ ಅನುಪಾತ ಬಿಟ್ಟು ವರ್ಷವಾರು ಪಟ್ಟಿ ನೀವೇ ಕಟ್ಟಿ. ಹಾಳೆಯ ತಲೆಯ ಮೇಲೆ ಯಾವ ವರ್ಷದ ಬೆಲೆ, ಯಾವ ದರ, ಯಾರ ದೃಷ್ಟಿಯ ಲೆಕ್ಕ ಎಂದು ಬರೆದಿಟ್ಟು, ಅಂಕಿ ಆಮೇಲೆ ತುಂಬಿ.