ಓದುಗರ ಪ್ರಶ್ನೆ: ಆ ಲೋಕದಲ್ಲಿ ಮಳೆ ಬರುತ್ತಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇದ್ದದ್ದು ಸೈನ್ಸ್ ಫಿಕ್ಷನ್, ಫ್ಯಾಂಟಸಿ ಕಾದಂಬರಿಗಳ ಬಗ್ಗೆ. ನಾನು ವಿಮರ್ಶಕನಲ್ಲ, ಖುಷಿಗೆ ಓದುವವನು. ಇಂಥ ಪುಸ್ತಕ ಕೈಗೆ ಬಂದರೆ ನಾನು ಮೊದಲು ನೋಡುವುದು ಆ ಲೋಕದ ಜನ ಏನು ತಿನ್ನುತ್ತಾರೆ, ನೀರು ಎಲ್ಲಿಂದ ತರುತ್ತಾರೆ, ಮಳೆ ತಪ್ಪಿದರೆ ಅವರ ಗತಿ ಏನು ಅಂತ. ಇದಕ್ಕೆ ಉತ್ತರ ಇದ್ದರೆ ಡ್ರ್ಯಾಗನ್ ಬಂದರೂ ನಂಬುತ್ತೇನೆ. ಇಲ್ಲದಿದ್ದರೆ ಎಷ್ಟು ರಾಕೆಟ್ ಹಾರಿದರೂ ಮನಸ್ಸಿಗೆ ಹತ್ತುವುದಿಲ್ಲ.

ಪ್ರಶ್ನೆ: ಎಲ್ಲರೂ ಹೊಗಳುತ್ತಾರೆಂದು ‘ಡ್ಯೂನ್’ ತೆಗೆದುಕೊಂಡೆ. ನೂರು ಪುಟ ಆಗುವಷ್ಟರಲ್ಲಿ ತಲೆ ಕೆಟ್ಟಿತು, ಹೆಸರುಗಳೇ ನೆನಪಿರುವುದಿಲ್ಲ. ಬಿಡಲಾ, ಮುಂದುವರಿಸಲಾ? (ಸಿದ್ದಾಪುರ)

ಬಿಡಬೇಡಿ. ಫ್ರಾಂಕ್ ಹರ್ಬರ್ಟ್ 1965ರಲ್ಲಿ ತಂದ, ಮರುಭೂಮಿಯೇ ಆಗಿರುವ ಒಂದು ಗ್ರಹದ ಕತೆ ಇದು, ಶುರುವಿನ ಪುಟಗಳು ನಿಜಕ್ಕೂ ಕಷ್ಟ. ರಾಜಮನೆತನ, ಗುರುಮಾತೆಯರು, ವ್ಯಾಪಾರಿ ಸಂಘ ಎಲ್ಲ ಒಂದೇ ಸಲ ಮೈಮೇಲೆ ಬೀಳುತ್ತವೆ. ಪುಸ್ತಕದ ಕೊನೆಯಲ್ಲಿರುವ ಪದಗಳ ಪಟ್ಟಿ ತಿರುವಿ ನೋಡುತ್ತಾ ಕೂರಬೇಡಿ, ಓದು ಅಲ್ಲೇ ನಿಂತುಹೋಗುತ್ತದೆ. ಸುಮ್ನೆ ಮುಂದೆ ಹೋಗಿ. ಕತೆಯ ನಾಯಕ ಪೌಲ್ ಮತ್ತು ಅವನ ತಾಯಿ ಮರುಭೂಮಿಗೆ ಬಂದು ಬಿದ್ದ ಮೇಲೆ ಕತೆ ನಿಮ್ಮನ್ನು ಬಿಡುವುದಿಲ್ಲ.

ಒಂದು ಜಾಗ ಹೇಳುತ್ತೇನೆ. ಮರುಭೂಮಿಯ ಜನರ ನಾಯಕ ಸ್ಟಿಲ್ಗರ್, ಪೌಲ್‌ನ ತಂದೆ ಡ್ಯೂಕನ ಮುಂದೆ ಬಂದು ಮೇಜಿನ ಮೇಲೆ ಉಗುಳುತ್ತಾನೆ. ಸುತ್ತ ಇದ್ದವರಿಗೆ ರಕ್ತ ಕುದಿಯುತ್ತದೆ. ಆದರೆ ಅವನು ಮಾಡಿದ್ದು ಅವಮಾನವಲ್ಲ, ಮರ್ಯಾದೆ. ಹನಿ ನೀರಿಗೂ ಲೆಕ್ಕ ಇರುವ ಊರಲ್ಲಿ ತನ್ನ ಮೈಯ ನೀರನ್ನೇ ಕೊಟ್ಟಿದ್ದಾನೆ. ಬೆವರು, ಉಸಿರಿನ ತೇವ ಎಲ್ಲವನ್ನೂ ಹಿಡಿದು ಮತ್ತೆ ಕುಡಿಯುವ ನೀರು ಮಾಡುವ ಬಟ್ಟೆ ಅವರದ್ದು. ಮುಂದೆ ಸತ್ತವನೊಬ್ಬನಿಗಾಗಿ ಪೌಲ್ ಕಣ್ಣೀರು ಹಾಕಿದಾಗ ಆ ಜನ ಬೆರಗಾಗುತ್ತಾರೆ, ಸತ್ತವನಿಗೆ ನೀರು ಕೊಟ್ಟನಲ್ಲ ಅಂತ. ಎಲ್ಲಿಯೂ ನಿಂತು ಪಾಠ ಹೇಳದೆ, ಒಂದು ಉಗುಳಿನಲ್ಲಿ, ಒಂದು ಹನಿ ಕಣ್ಣೀರಿನಲ್ಲಿ ಇಡೀ ಗ್ರಹದ ಹವಾಮಾನ ಹೇಳಿಬಿಡುತ್ತಾನಲ್ಲ, ನನಗೆ ಅದಕ್ಕೇ ಈ ಪುಸ್ತಕ ಇಷ್ಟ. ಅಮೆರಿಕದ ಆರೆಗಾನ್ ಕರಾವಳಿಯಲ್ಲಿ ಹುಲ್ಲು ನೆಟ್ಟು ಮರಳುದಿಬ್ಬ ತಡೆಯುವ ಕೆಲಸ ನಡೆಯುತ್ತಿತ್ತು, ಹರ್ಬರ್ಟ್ ಅದರ ಬಗ್ಗೆ ಲೇಖನ ಬರೆಯಲು ಹೊರಟವನು ಇಲ್ಲಿಗೆ ಬಂದು ಮುಟ್ಟಿದ.

ಮೂರು ತಿಂಗಳು ಬಟ್ಟೆ ಒಣಗದ ನಮ್ಮ ಕೊಡಗಿನಲ್ಲಿ ಕೂತು ಮರುಭೂಮಿಯ ಕತೆ ಓದುವುದೇನು ಅನ್ನಿಸಬಹುದು. ಆದರೆ ಮಾರ್ಚ್ ತಿಂಗಳಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುತ್ತಾ ಕೂತವರಿಗೆ, ಹತ್ತು ದಿನ ತಡವಾದರೂ ಇಡೀ ವರ್ಷದ ಕಾಫಿ ಹೋಯಿತು ಅಂತ ಚಡಪಡಿಸಿದವರಿಗೆ ನೀರಿನ ಲೆಕ್ಕ ಗೊತ್ತೇ ಇರುತ್ತದೆ ಅಲ್ವಾ? ಕೊರತೆಯೂ ಇದೆ. ಖಳನಾಯಕ ಬ್ಯಾರನ್ ಬರೀ ಕೆಟ್ಟವನು, ಅಷ್ಟೇ. ಅವನು ಬಂದಾಗೆಲ್ಲ ಕತೆ ತೆಳುವಾಗುತ್ತದೆ.

ಪ್ರಶ್ನೆ: ‘ದ ಥ್ರೀ ಬಾಡಿ ಪ್ರಾಬ್ಲಮ್’ ಓದಿದೆ. ಯೋಚನೆ ಚೆನ್ನಾಗಿದೆ, ಮನುಷ್ಯರಲ್ಲಿ ಜೀವ ಇಲ್ಲ. ನಿಮಗೇನನ್ನಿಸಿತು? (ವಿರಾಜಪೇಟೆ)

ಅರ್ಧ ಒಪ್ಪುತ್ತೇನೆ. ಲಿಯು ಸಿಶಿನ್ ಚೀನೀ ಭಾಷೆಯಲ್ಲಿ ಬರೆದದ್ದು, ಇಂಗ್ಲಿಷಿಗೆ 2014ರಲ್ಲಿ ಬಂತು, ಮರುವರ್ಷ ಹ್ಯೂಗೋ ಪ್ರಶಸ್ತಿಯೂ ಸಿಕ್ಕಿತು. ವಾಂಗ್ ಮಿಯಾವ್ ಅನ್ನುವ ವಿಜ್ಞಾನಿ ಕತೆಯನ್ನು ಮುಂದೆ ತಳ್ಳಲು ಮಾತ್ರ ಇದ್ದಾನೆ, ನಿಜ. ಆದರೆ ಯೆ ವೆನ್‌ಜಿಯೆಗೆ ಜೀವ ಇಲ್ಲ ಅಂತೀರಾ? ಚೀನಾದಲ್ಲಿ ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ ತಂದೆಯನ್ನು ಕಣ್ಣೆದುರೇ ಹೊಡೆದು ಕೊಂದದ್ದನ್ನು ನೋಡಿದವಳು ಅವಳು. ಆಮೇಲೆ ಅವಳನ್ನು ಕಾಡು ಕಡಿಯುವ ಕೆಲಸಕ್ಕೆ ಕಳಿಸುತ್ತಾರೆ. ಅಲ್ಲಿ ಕೈಗೆ ಸಿಕ್ಕ, ಕೀಟನಾಶಕಗಳ ಬಗ್ಗೆ ರೇಚಲ್ ಕಾರ್ಸನ್ ಬರೆದ ‘ಸೈಲೆಂಟ್ ಸ್ಪ್ರಿಂಗ್’ ಓದುತ್ತಾಳೆ. ಮನುಷ್ಯರು ತಾವಾಗಿಯೇ ಸರಿಹೋಗುವುದಿಲ್ಲ ಅನ್ನುವ ತೀರ್ಮಾನಕ್ಕೆ ಅವಳು ಬಂದದ್ದು ಹೇಗೆ ಅಂತ ನನಗೆ ಪೂರ್ತಿ ಅರ್ಥವಾಯಿತು, ಅದಕ್ಕೇ ಭಯವೂ ಆಯಿತು. ಬೇಕಾದರೆ ಅವಳ ಅಧ್ಯಾಯಗಳನ್ನಷ್ಟೇ ಇನ್ನೊಮ್ಮೆ ಓದಿ.

ಪ್ರಶ್ನೆ: ‘ಪ್ರಾಜೆಕ್ಟ್ ಹೇಲ್ ಮೇರಿ’ ಓದಲು ವಿಜ್ಞಾನ ಗೊತ್ತಿರಬೇಕಾ? (ಕುಶಾಲನಗರ)

ಬೇಡ. ಆ್ಯಂಡಿ ವಿಯರ್ 2021ರಲ್ಲಿ ಬರೆದ ಈ ಕತೆಯ ನಾಯಕ ಒಬ್ಬ ಶಾಲಾ ಮೇಷ್ಟ್ರು, ಅವನೇ ಎಲ್ಲ ಬಿಡಿಸಿ ಹೇಳುತ್ತಾನೆ. ಕಲ್ಲಿನಂಥ ಚಿಪ್ಪು, ಐದು ಕಾಲು, ಕಣ್ಣೇ ಇಲ್ಲದ, ಸಂಗೀತದ ಸ್ವರಗಳಲ್ಲಿ ಮಾತಾಡುವ ಅನ್ಯಗ್ರಹದ ಜೀವಿ ರಾಕಿ ಬರುವವರೆಗೆ ತಾಳ್ಮೆ ಇರಲಿ. ಅವರಿಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಕಲಿಯುವ ಭಾಗ ತುಂಬಾ ಸೊಗಸಾಗಿದೆ. ಪ್ರತಿ ಕಷ್ಟಕ್ಕೂ ಬೇಗ ಬೇಗ ಪರಿಹಾರ ಸಿಗುತ್ತಾ ಹೋಗುವುದು ಮಾತ್ರ ನನಗೆ ಹಿಡಿಸಲಿಲ್ಲ.

ಪ್ರಶ್ನೆ: ನಮ್ಮ ಕಾಡು, ನಮ್ಮ ಮಳೆ ಇರುವಂಥ ಸೈನ್ಸ್ ಫಿಕ್ಷನ್ ಯಾವುದಾದರೂ ಇದೆಯಾ? ಎಲ್ಲ ಬರೀ ಕಬ್ಬಿಣ, ಕಂಪ್ಯೂಟರ್. (ಸೋಮವಾರಪೇಟೆ)

ಕೊಡಗಿನ ಕಾಡೇ ಇರುವ ಪುಸ್ತಕ ನಾನು ಓದಿಲ್ಲ. ಆದರೆ ಅರ್ಸುಲಾ ಲೆ ಗ್ವಿನ್ 1972ರಲ್ಲಿ ತಂದ ‘ದ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್’ ಓದಿ. ತೀರಾ ಚಿಕ್ಕದು. ಭೂಮಿಯಲ್ಲಿ ಮರ ಮುಗಿದುಹೋಗಿದೆ. ನಾಟಾಕ್ಕೆ ಬಂಗಾರಕ್ಕಿಂತ ಹೆಚ್ಚು ಬೆಲೆ. ಹಾಗಾಗಿ ಮನುಷ್ಯರು ಇಡೀ ಕಾಡೇ ಆಗಿರುವ ಇನ್ನೊಂದು ಗ್ರಹಕ್ಕೆ ಹೋಗಿ ಕಡಿಯಲು ಶುರು ಮಾಡುತ್ತಾರೆ, ಅಲ್ಲಿಯ ಜನರನ್ನೇ ಹಿಡಿದು ದುಡಿಸುತ್ತಾರೆ.

ಅದರಲ್ಲಿ ಒಂದು ದ್ವೀಪದ ವಿಷಯ ಬರುತ್ತದೆ. ಮರವೆಲ್ಲ ತೆಗೆದ ಮೇಲೆ ಅಲ್ಲಿಯ ಮಣ್ಣು ಮಳೆಗೆ ನಿಲ್ಲುವುದಿಲ್ಲ, ಕೊಚ್ಚಿಹೋಗುತ್ತದೆ, ಉಳಿದದ್ದರಲ್ಲಿ ಬೆಳೆ ಬರುವುದಿಲ್ಲ. ಲೇಖಕಿ ಅದನ್ನು ಹೆಚ್ಚು ಬೆಳೆಸುವುದಿಲ್ಲ. ಆದರೆ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಇಳಿದದ್ದನ್ನು ಕಂಡವರು ಆ ಸಾಲುಗಳನ್ನು ದಾಟಿ ಬೇಗ ಮುಂದೆ ಹೋಗಲಾರರು. ನಾನೂ ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಮ್ಮಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಮರಕ್ಕೆ ಕೊಡಲಿ ಹಾಕಬಾರದು ಅನ್ನುವ ಕಟ್ಟಳೆ ಇದೆ, ಕಟ್ಟಳೆ ಮೀರಿದರೆ ಏನಾಗುತ್ತದೆ ಅನ್ನುವ ಕತೆಗಳು ಊರೂರಲ್ಲಿ ಇವೆ. ತೋಟಕ್ಕೆ ಬಂದ ಆನೆಗೆ ದಾರಿ ಬಿಟ್ಟು ನಿಲ್ಲುವ ಜನ ಇದ್ದಾರೆ. ಒಂದು ದೊಡ್ಡ ಫ್ಯಾಂಟಸಿಗೆ ಇನ್ನೇನು ಬೇಕು? ನಿಮ್ಮ ಪ್ರಶ್ನೆಯ ಕೊನೆಯಲ್ಲಿ ‘ನಾನೂ ಸ್ವಲ್ಪ ಬರೆಯುತ್ತೇನೆ’ ಅಂತ ಸಣ್ಣದಾಗಿ ಸೇರಿಸಿದ್ದೀರಿ. ದಯವಿಟ್ಟು ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಕಕ್ಕಡದ ಮಳೆ, ಮದ್ದುಸೊಪ್ಪಿನ ಪಾಯಸ, ಐನ್‌ಮನೆಯ ಕತ್ತಲೆ ಅದರಲ್ಲಿ ಇರಲಿ. ಇವನ್ನೆಲ್ಲ ಹೊರಗಿನವರಿಗೆ ವಿವರಿಸುತ್ತಾ ಕೂರಬೇಡಿ, ಹರ್ಬರ್ಟ್ ಆ ಉಗುಳನ್ನು ಇಟ್ಟ ಹಾಗೆ ಇಟ್ಟುಬಿಡಿ.

ಪ್ರಶ್ನೆ: ಮಗಳಿಗೆ ಹನ್ನೆರಡು ವರ್ಷ. ಮಂತ್ರವಾದಿಗಳ ಕತೆ ಬೇಕಂತೆ. ಯಾವುದು ಕೊಡಲಿ? (ಗೋಣಿಕೊಪ್ಪ)

‘ಎ ವಿಝರ್ಡ್ ಆಫ್ ಅರ್ತ್‌ಸೀ’ ಕೊಡಿ. 1968ರದ್ದು, ಇದೂ ಲೆ ಗ್ವಿನ್ ಅವರದೇ. ಗೆಡ್ ಅನ್ನುವ ಹುಡುಗ ಜಂಬದಲ್ಲಿ ಮಂತ್ರ ಹಾಕಿ ಒಂದು ಕರಾಳ ನೆರಳನ್ನು ಹೊರಗೆ ಬಿಡುತ್ತಾನೆ, ಆಮೇಲೆ ಅದರಿಂದ ಓಡುತ್ತಾನೆ, ಕೊನೆಗೆ ತಿರುಗಿ ನಿಂತು ಅದನ್ನೇ ಅಟ್ಟಿಸಿಕೊಂಡು ಹೋಗುತ್ತಾನೆ. ಇಲ್ಲಿ ಮಂತ್ರ ಪುಕ್ಕಟೆ ಸಿಗುವುದಿಲ್ಲ. ಒಂದು ದ್ವೀಪದಲ್ಲಿ ಮಳೆ ತರಿಸಿದರೆ ಇನ್ನೊಂದರಲ್ಲಿ ಬರ ಬೀಳಬಹುದು ಅಂತ ಗುರುಗಳು ಎಚ್ಚರಿಸುತ್ತಾರೆ. ಮಕ್ಕಳಿಗೆ ಇದು ತಕ್ಷಣ ಅರ್ಥವಾಗುತ್ತದೆ, ವಿವರಿಸಬೇಕಾಗಿಲ್ಲ. ಗೆಡ್‌ನ ಮೈಬಣ್ಣ ಕೆಂಪು ಕಂದು, ಅವನ ಗೆಳೆಯ ವೆಚ್ ಕಪ್ಪು ಹುಡುಗ, ಅದೂ ನನಗೆ ಬಹಳ ಮುಖ್ಯ ಅನ್ನಿಸಿತು. ಇಂಗ್ಲಿಷ್ ಸರಳ, ಆದರೆ ನಡುನಡುವೆ ವಾಕ್ಯಗಳು ಉದ್ದ, ಮೊದಲ ಅಧ್ಯಾಯ ನೀವೇ ಜೋರಾಗಿ ಓದಿ ಹೇಳಿದರೆ ಒಳ್ಳೆಯದು.

ಅದರ ಮುಂದಿನ ಪುಸ್ತಕ ‘ದ ಟೂಂಬ್ಸ್ ಆಫ್ ಅಟುವಾನ್’. ಅದರಲ್ಲಿ ಕತೆ ನಡೆಯುವುದು ಟೆನಾರ್ ಅನ್ನುವ ಹುಡುಗಿಯ ಸುತ್ತ. ಎರಡನ್ನೂ ಒಟ್ಟಿಗೇ ತರಿಸಿ, ಮೊದಲನೆಯದು ಮುಗಿದ ದಿನವೇ ಕೇಳುತ್ತಾಳೆ.