ಅಂಕ ಕೊಟ್ಟವರ ಕೈ ಖಾಲಿಯಾಗಬೇಕು

ಪ್ರಶ್ನೆ: ಸರ್, ನಮ್ಮದು ಅಡಿಕೆ ತೋಟಿಗರ ಆನ್‌ಲೈನ್ ಗುಂಪು. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ 240 ಜನ ಇದ್ದೇವೆ. ಒಳ್ಳೆಯ ಉತ್ತರ ಕೊಟ್ಟವರಿಗೆ ಹುರುಪು ಬರಲಿ ಎಂದು ಕಳೆದ ವರ್ಷ ಅಂಕ ಪದ್ಧತಿ ತಂದೆವು. ಯಾರು ಯಾರಿಗೆ ಎಷ್ಟು ಅಂಕ ಬೇಕಾದರೂ ಕೊಡಬಹುದು. ತಿಂಗಳ ಕೊನೆಗೆ ಮೊದಲ ಮೂವರ ಹೆಸರು ಹಾಕುತ್ತೇವೆ. ಶುರುವಿನಲ್ಲಿ ಹಬ್ಬದ ಹಾಗಿತ್ತು. ಈಗ ಭಾವ-ನೆಂಟರು ಒಬ್ಬರ ಮೇಲೊಬ್ಬರು ಅಂಕ ಸುರಿಯುತ್ತಿದ್ದಾರೆ. ಜೂನ್‌ನಲ್ಲಿ ಒಬ್ಬರು ಅಡಿಕೆಯ ಕೊಳೆ ರೋಗದ ಮದ್ದಿನ ಅಳತೆ ಕೇಳಿದರು. ಹತ್ತೇ ನಿಮಿಷದಲ್ಲಿ ‘ಸುಣ್ಣ ಕಣ್ಣಳತೆಗೆ ಹಾಕಿ, ಸಾಕು’ ಎಂದವರಿಗೆ 60 ಅಂಕ ಬಂತು. ಮರುದಿನ ಬಿಡಿಸಿ ಬಿಡಿಸಿ ಬರೆದ ಹಿರಿಯರಿಗೆ 4. ಆ ಹಿರಿಯರು ಆಮೇಲೆ ಬರೆಯುವುದನ್ನೇ ಬಿಟ್ಟರು. ಈ ನಡುವೆ ಗೊಬ್ಬರದ ಅಂಗಡಿಯವರೊಬ್ಬರು, ಅಂಕ ತೋರಿಸಿದವರಿಗೆ ರಿಯಾಯಿತಿ ಕೊಡುತ್ತೇನೆ ಎನ್ನುತ್ತಿದ್ದಾರೆ. ಒಪ್ಪಬಹುದೇ? ಇಲ್ಲಾ, ಅಂಕದ ಸಹವಾಸವೇ ಬೇಡವೇ?
– ಗುಂಪಿನ ಅಡ್ಮಿನ್, ಶಿರಸಿ ತಾಲ್ಲೂಕು

ಉತ್ತರ: ಅಂಕ ಇರಲಿ. ಅಂಗಡಿಯವರಿಗೆ ಮಾತ್ರ ಇವತ್ತೇ ‘ಬೇಡ ಮಾರಾಯರೇ’ ಎಂದುಬಿಡಿ. ಯಾಕೆಂದು ಆಮೇಲೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ತೂತು ಇರುವುದು ‘ಎಷ್ಟು ಬೇಕಾದರೂ’ ಎಂಬಲ್ಲಿ. ನಮ್ಮ ಕಡೆಯ ಮುಯ್ಯಾಳು ನೆನಪಿಸಿಕೊಳ್ಳಿ. ಪಕ್ಕದ ಮನೆಯ ಅಡಿಕೆ ಸುಲಿಯಲು ನೀವು ಹೋದಿರಿ ಎಂದರೆ ನಿಮ್ಮದೊಂದು ರಾತ್ರಿಯ ನಿದ್ದೆ ಹೋಯಿತು. ಅದು ಹೋದದ್ದಕ್ಕೇ ಆ ಮನೆಯವರು ನೆನಪಿಟ್ಟುಕೊಂಡು ನಿಮ್ಮ ಅಂಗಳಕ್ಕೆ ಬಂದು ಕೂರುತ್ತಾರೆ. ಮೊಬೈಲಿನಲ್ಲಿ ಬೆರಳು ತಾಗಿಸಿ ಕೊಟ್ಟ ಅಂಕದಲ್ಲಿ ಕೊಟ್ಟವರದ್ದು ಏನೂ ಹೋಗಲಿಲ್ಲ. ವಾಟ್ಸಾಪ್‌ನಲ್ಲಿ 2022ರಿಂದ ಹೆಬ್ಬೆಟ್ಟು, ಹೃದಯ ಒತ್ತುವ ಸೌಲಭ್ಯ ಇದ್ದೇ ಇದೆ. ನಿಮ್ಮ ಅಂಕ ಅದಕ್ಕಿಂತ ಹೆಚ್ಚಿನದಾಗಬೇಕಿದ್ದರೆ ಕೊಟ್ಟವರ ಕೈ ಅಷ್ಟು ಖಾಲಿಯಾಗಬೇಕು.

ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವವರ ‘ಸ್ಟಾಕ್ ಓವರ್‌ಫ್ಲೋ’ ಎಂಬ ತಾಣ 2008ರಲ್ಲಿ ಶುರುವಾಯಿತು. ಅಲ್ಲಿ ಸಾಮಾನ್ಯ ಮೆಚ್ಚುಗೆಗೆ ಉತ್ತರಿಸಿದವರಿಗೆ 10 ಅಂಕ, ಕೊಟ್ಟವರಿಗೆ ಖರ್ಚಿಲ್ಲ. ಆದರೆ ಯಾರೂ ಬಿಡಿಸದ ಪ್ರಶ್ನೆಗೆ ಉತ್ತರ ಬೇಕೇಬೇಕೆಂದರೆ, ತಾನು ಬೆವರು ಸುರಿಸಿ ಗಳಿಸಿದ ಅಂಕದಲ್ಲೇ 50ರಿಂದ 500ರವರೆಗೆ ತೆಗೆದು ಬಹುಮಾನ ಇಡಬಹುದು. ಇಟ್ಟ ಕ್ಷಣದಲ್ಲೇ ಅದು ಖಾತೆಯಿಂದ ಕಳೆದುಹೋಗುತ್ತದೆ. ವಾರದೊಳಗೆ ಯಾರೂ ಉತ್ತರಿಸದಿದ್ದರೂ ವಾಪಸ್ ಬರುವುದಿಲ್ಲ. ಹಾಗಾಗಿ ಸುಮ್ಮಸುಮ್ಮನೆ ಯಾರೂ ಇಡುವುದಿಲ್ಲ, ಇಟ್ಟಾಗ ಬಲ್ಲವರು ತಿರುಗಿ ನೋಡುತ್ತಾರೆ.

ನಿಮ್ಮಲ್ಲಿ ಹೀಗೆ ಮಾಡಿ. ತಿಂಗಳ ಮೊದಲ ದಿನ ಪ್ರತಿ ಸದಸ್ಯರ ಕೈಗೆ 20 ಅಂಕ. ಅದು ಬೇರೆಯವರಿಗೆ ಕೊಡಲು ಮಾತ್ರ, ತನ್ನ ಲೆಕ್ಕಕ್ಕೆ ಸೇರದು. ಒಬ್ಬರಿಗೇ ತಿಂಗಳಲ್ಲಿ 5ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಉಳಿದದ್ದು ತಿಂಗಳ ಕೊನೆಗೆ ಸತ್ತುಹೋಗುತ್ತದೆ. ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. ‘ಸ್ಲ್ಯಾಶ್‌ಡಾಟ್’ ಎಂಬ ಹಳೆಯ ತಾಣದಲ್ಲಿ ಆಯ್ದ ಸದಸ್ಯರಿಗೆ 5 ಅಂಕ ಕೊಟ್ಟು ಮೂರು ದಿನದೊಳಗೆ ಹಂಚಿ ಮುಗಿಸಿ ಎನ್ನುತ್ತಿದ್ದರು. ತಾನೇ ಬಾಯಿ ಹಾಕಿದ ಚರ್ಚೆಯಲ್ಲಿ ಅಂಕ ಹಂಚುವಂತಿರಲಿಲ್ಲ. ಯಾರ ಖಾತೆಯಲ್ಲಿ ಎಷ್ಟಿದೆ ಎಂಬ ಅಂಕಿ ತೋರಿಸುವುದನ್ನೂ ಕೈಬಿಟ್ಟು, ‘ಚೆನ್ನಾಗಿದೆ’, ‘ಅತ್ಯುತ್ತಮ’ ಎಂಬಂಥ ಮಾತಿನಲ್ಲಿ ತೋರಿಸತೊಡಗಿದರು. ಅಂಕಿ ಕಂಡರೆ ಜನ ಅದನ್ನು ಏರಿಸುವ ಆಟಕ್ಕೇ ಬೀಳುತ್ತಾರೆ. ನಿಮ್ಮ ‘ಮೊದಲ ಮೂವರು’ ಪಟ್ಟಿಯನ್ನೂ ತೆಗೆದುಹಾಕಿ. ಬದಲಿಗೆ ‘ಮಣ್ಣಿನ ಹುಳಿ ಕಳೆಯುವ ಬಗ್ಗೆ ಇವರು ಹೇಳಿದ್ದಕ್ಕೆ ಇಂಥವರಿಂದ 5’ ಎಂದು, ಯಾರು ಯಾತಕ್ಕೆ ಕೊಟ್ಟರು ಎಂಬುದನ್ನು ಒಂದು ಸಾಲಿನಲ್ಲಿ ಹಾಕಿ. ಕಾರಣ ಬರೆಯಬೇಕಾದಾಗ ಸುಳ್ಳು ಅಂಕದಲ್ಲಿ ಅರ್ಧದಷ್ಟು ತಾನಾಗಿಯೇ ನಿಲ್ಲುತ್ತದೆ.

ಭಾವ-ನೆಂಟರನ್ನು ಹಿಡಿಯುವ ಪೊಲೀಸ್ ಕೆಲಸಕ್ಕೆ ಇಳಿಯಬೇಡಿ. ಸ್ಟಾಕ್ ಓವರ್‌ಫ್ಲೋದಂಥ ದೊಡ್ಡ ತಾಣದಲ್ಲಿ ಒಬ್ಬರು ಇನ್ನೊಬ್ಬರಿಗೆ ಸಾಲಾಗಿ ಓಟು ಒತ್ತಿದರೆ ಯಂತ್ರವೇ ಪತ್ತೆಹಚ್ಚಿ ರದ್ದು ಮಾಡುತ್ತದೆ. ಶಿರಸಿ ಸೀಮೆಯಲ್ಲಿ ಆ ಯಂತ್ರ ಬಿಟ್ಟರೆ ಗುಂಪಿನಲ್ಲಿ ಯಾರೂ ಉಳಿಯಲಾರರು. ಇಲ್ಲಿ ಯಾರು ಯಾರಿಗೆ ನೆಂಟರಲ್ಲ ಹೇಳಿ! 5ರ ಮಿತಿಯೇ ಸಾಕು.

ಇನ್ನು ಕೊಳೆ ಮದ್ದಿನ ಕಥೆ. ಇಡೀ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಕೊಳೆ ಮದ್ದು ಎಂದರೆ ಬೋರ್ಡೋ ದ್ರಾವಣ. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಉಲ್ಟಾ ಅಲ್ಲ. ಹೊಳೆಯುವ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಪು ಹತ್ತಿದ್ದರೆ ಸುಣ್ಣ ಕಡಿಮೆಯಾಗಿದೆ ಎಂದರ್ಥ. ಹಾಗೇ ಹೊಡೆದರೆ ಎಳೆಯ ಭಾಗ ಸುಡುತ್ತದೆ. ಹಿರಿಯರು ಬಹುಶಃ ಇಷ್ಟನ್ನೂ ಬರೆದಿರುತ್ತಾರೆ, ಅದಕ್ಕೇ ಅವರಿಗೆ ಮರುದಿನವಾಯಿತು. ಅಷ್ಟರಲ್ಲಿ ಅಂಕ ಕೊಡುವವರೆಲ್ಲ ಕೊಟ್ಟು ಮುಗಿಸಿದ್ದರು.

ಮೊದಲು ಬಂದ ಉತ್ತರಕ್ಕೆ ಹೆಚ್ಚು ಅಂಕ ಬೀಳುವುದು ಎಲ್ಲ ಕಡೆಯೂ ಇದ್ದದ್ದೇ. ಆದರೆ ತೋಟದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮದ್ದು ಹಿಡಿಯಿತೋ ಇಲ್ಲವೋ ಗೊತ್ತಾಗುವುದು ಹತ್ತು ನಿಮಿಷಕ್ಕಲ್ಲ. 40-45 ದಿನ ಕಳೆದು ಎರಡನೇ ಸಲ ಮದ್ದು ಹೊಡೆಯಲು ಕೊನೆಗೌಡರು ಮರ ಹತ್ತುವಾಗ, ಉದುರಿದ ಕಾಯಿ ಲೆಕ್ಕ ಹಾಕಿದಾಗ. ಪ್ರೋಗ್ರಾಮ್ ಬರೆಯುವವರು ಉತ್ತರವನ್ನು ಐದು ನಿಮಿಷದಲ್ಲಿ ಓಡಿಸಿ ನೋಡಿಬಿಡುತ್ತಾರೆ, ನಾವು ಮಳೆಗಾಲ ಮುಗಿಯುವವರೆಗೆ ಕಾಯಬೇಕು. ಆದ್ದರಿಂದ ಎರಡು ಬಗೆ ಇಟ್ಟುಕೊಳ್ಳಿ. ತಿಂಗಳ 20 ಅಂಕ ‘ಧನ್ಯವಾದ’ಕ್ಕೆ. ಅದರ ಜೊತೆ ಪ್ರಶ್ನೆ ಕೇಳಿದವರಿಗೆ ಮಾತ್ರ ಒಂದು ಗುರುತು, ‘ಮಾಡಿ ನೋಡಿದೆ, ಸರಿಯಾಯಿತು’ ಎನ್ನುವುದು. ಅದಕ್ಕೆ ಗಡುವು ಬೇಡ, ದೀಪಾವಳಿಗೆ ಒತ್ತಿದರೂ ಆದೀತು. ಸ್ಟಾಕ್ ಓವರ್‌ಫ್ಲೋದಲ್ಲೂ ಕೇಳಿದವರು ಒಂದು ಉತ್ತರವನ್ನು ಒಪ್ಪಿದರೆ ಅದಕ್ಕೆ 15 ಅಂಕ ಬರುತ್ತದೆ. ಒಪ್ಪಿದ ಉತ್ತರವನ್ನು ಆಮೇಲೆ ಬದಲಿಸಲೂಬಹುದು. ಹುಡುಕುವವರಿಗೆ ಈ ಗುರುತಿನ ಉತ್ತರವೇ ಮೊದಲು ಕಾಣಲಿ.

ಹಿರಿಯರ ಮನೆಗೆ ನೀವೇ ಹೋಗಿ, ಫೋನ್ ಮಾಡಬೇಡಿ. ಹೋಗಿ ಅಂಕದ ಸುದ್ದಿಯನ್ನೇ ಎತ್ತಬೇಡಿ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನಃಶಾಸ್ತ್ರಜ್ಞರು ಚಿತ್ರ ಬರೆಯುವುದೆಂದರೆ ಇಷ್ಟಪಡುವ ಶಿಶುವಿಹಾರದ ಮಕ್ಕಳನ್ನು ಗಮನಿಸಿದರು. ‘ಬರೆದರೆ ಪ್ರಶಸ್ತಿ ಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿಸಿಕೊಂಡ ಮಕ್ಕಳು, ಮುಂದೆ ತಮ್ಮ ಪಾಡಿಗೆ ಬಿಟ್ಟಾಗ ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಸುಮಾರು ಅರ್ಧದಷ್ಟಕ್ಕೆ ಇಳಿಯಿತು. ಹೇಳದೆ ಕೇಳದೆ ಕೊನೆಯಲ್ಲಿ ಅದೇ ಪತ್ರ ಪಡೆದ ಮಕ್ಕಳ ಆಸಕ್ತಿ ಕುಂದಲಿಲ್ಲ. ನಿಮ್ಮ ಹಿರಿಯರು ಅಂಕವೇ ಇಲ್ಲದ ಕಾಲದಿಂದ ಬರೆಯುತ್ತಿದ್ದವರು. ಅವರ ಕೆಲಸಕ್ಕೆ ನಾವು 4 ಎಂದು ಬೆಲೆ ಕಟ್ಟಿದೆವು. ಅವರು ಹೇಳಿದ ಹಾಗೆ ಮದ್ದು ಮಾಡಿ ಫಸಲು ಉಳಿಸಿಕೊಂಡವರು ಯಾರಾದರೂ ಇದ್ದರೆ ಜೊತೆಗೆ ಕರೆದುಕೊಂಡು ಹೋಗಿ.

ಅಂಗಡಿಯ ರಿಯಾಯಿತಿಗೆ ಬರೋಣ. ಇಸ್ರೇಲಿನ ಹೈಫಾದಲ್ಲಿ ಗ್ನೀಜಿ ಮತ್ತು ರುಸ್ಟಿಕಿನಿ ಎಂಬ ಅರ್ಥಶಾಸ್ತ್ರಜ್ಞರು 10 ಶಿಶುಪಾಲನಾ ಕೇಂದ್ರಗಳಲ್ಲಿ ಅಧ್ಯಯನ ಮಾಡಿ 2000ದಲ್ಲಿ ಪ್ರಕಟಿಸಿದರು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ದಂಡ ಹಾಕಿದಾಗ ತಡವಾಗಿ ಬರುವವರು ಹೆಚ್ಚಿದರು. ಮೊದಲು ಟೀಚರ್ ಕಾಯುತ್ತಾರಲ್ಲ ಎಂಬ ಸಂಕೋಚವಿತ್ತು, ಈಗ ಹಣ ಕಟ್ಟಿದರಾಯಿತು. ನೋಡಬೇಕಾದ್ದು ಮುಂದಿನದು: ದಂಡ ತೆಗೆದ ಮೇಲೂ ಹಳೆಯ ಸಂಕೋಚ ಮರಳಲಿಲ್ಲ. ನಿಮ್ಮ ಅಂಕ ಗೊಬ್ಬರದ ಚೀಲವಾಗಿ ಬದಲಾದ ದಿನ ‘ನನಗೆ 5 ಕೊಡು, ನಿನಗೆ 5 ಕೊಡುತ್ತೇನೆ’ ಎಂಬುದು ಶುದ್ಧ ವ್ಯಾಪಾರ. ಆಮೇಲೆ ರಿಯಾಯಿತಿ ನಿಲ್ಲಿಸಿದರೂ ಮೊದಲಿನ ಗುಂಪು ಸಿಗುವುದಿಲ್ಲ. ಅವರಿಗೆ ರಿಯಾಯಿತಿ ಕೊಡುವ ಮನಸ್ಸು ನಿಜವಾಗಿಯೂ ಇದ್ದರೆ 240 ಮಂದಿಗೂ ಒಂದೇ ಸಮ ಕೊಡಲಿ.

ಪ್ರಶ್ನೆ: ಕಾರವಾರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಆನ್‌ಲೈನ್ ಬಳಗ ನಮ್ಮದು, 30 ಜನ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಅವಕಾಶ ಇಟ್ಟಿದ್ದೇವೆ. ಈಗ ಅದರಲ್ಲೇ ಹಗೆ ಸಾಧಿಸುತ್ತಿದ್ದಾರೆ.

ಉತ್ತರ: ತೆಗೆದುಬಿಡಿ. ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ ತಪ್ಪಿಗೆ ಆ ಪ್ರಶ್ನೆಯ ಮೂರನೇ ಒಂದರಷ್ಟು ಅಂಕ ಕಳೆಯುತ್ತಾರೆ ನಿಜ, ಆದರೆ ಅಲ್ಲಿ ಕಳೆಯುವವರಿಗೆ ನಿಮ್ಮ ಮುಖ ಗೊತ್ತಿಲ್ಲ. 30 ಜನರಲ್ಲಿ ಗೊತ್ತಿರುತ್ತದೆ, ಸಂಜೆ ಟಾಗೋರ್ ಕಡಲತೀರದಲ್ಲಿ ಎದುರು ಸಿಗುತ್ತೀರಿ. ಇಟ್ಟುಕೊಳ್ಳಲೇಬೇಕೆಂದರೆ ಸ್ಟಾಕ್ ಓವರ್‌ಫ್ಲೋದ ದಾರಿ ಹಿಡಿಯಿರಿ: ತಪ್ಪು ಉತ್ತರಕ್ಕೆ ಮೈನಸ್ ಒತ್ತಿದರೆ ಬರೆದವರದ್ದು 2 ಹೋಗುತ್ತದೆ, ಒತ್ತಿದವರದ್ದೂ 1 ಹೋಗುತ್ತದೆ. ನನ್ನ ಕೇಳಿದರೆ, ಸರಿಯುತ್ತರ ಬರೆದವರಿಗೆ ಅಂಕ ಕೊಟ್ಟರೆ ಸಾಕು.

ಪ್ರಶ್ನೆ: ಅಂಕೋಲಾದಲ್ಲಿ ನಮ್ಮ ಓಣಿಯವರು ಆ್ಯಪ್ ಒಂದರಲ್ಲಿ ಪರಸ್ಪರ ಸಹಾಯದ ಲೆಕ್ಕ ಇಡುತ್ತೇವೆ. ಒಂದು ತಾಸು ಸಹಾಯಕ್ಕೆ ಒಂದು ಅಂಕ, ಪಡೆದವರಿಂದ ಒಂದು ಕಳೆಯುತ್ತದೆ. ನಿವೃತ್ತ ಶಿಕ್ಷಕಿಯೊಬ್ಬರ ಲೆಕ್ಕ ಮೈನಸ್ 30ಕ್ಕೆ ಹೋಗಿದೆ. ವಸೂಲಿ ಹೇಗೆ?

ಉತ್ತರ: ವಸೂಲಿ ಎಂಬ ಮಾತೇ ಬೇಡ. 1983ರಲ್ಲಿ ಕೆನಡಾದ ಕೋರ್ಟ್ನಿ ಎಂಬ ಊರಿನಲ್ಲಿ ಮೈಕೆಲ್ ಲಿಂಟನ್ ಇಂಥದ್ದೇ ಲೆಕ್ಕ ಶುರು ಮಾಡಿದಾಗ ಎಲ್ಲರದ್ದೂ ಸೊನ್ನೆಯಿಂದಲೇ ಆರಂಭ. ಯಾರಾದರೂ ಮೈನಸ್‌ಗೆ ಇಳಿಯದೆ ಇನ್ನೊಬ್ಬರು ಪ್ಲಸ್‌ಗೆ ಏರಲಾರರು, ಎಲ್ಲರದ್ದನ್ನೂ ಕೂಡಿದರೆ ಯಾವತ್ತೂ ಸೊನ್ನೆಯೇ. ಇಳಿಯುವುದಕ್ಕೊಂದು ಮಿತಿ ಹಾಕಿಕೊಳ್ಳಿ, ಅಷ್ಟು ಸಾಕು. ಅದಕ್ಕಿಂತ ಮೊದಲು ನಿಮ್ಮ ಆ್ಯಪ್ ತೆರೆದು ನೋಡಿ: ಈ ವರ್ಷ ಮಕ್ಕಳಿಗೆ ಗಣಿತ ಹೇಳಿಕೊಡಿ ಎಂದೋ, ಮಿಡಿ ಉಪ್ಪಿನಕಾಯಿ ಹಾಕುವುದನ್ನು ಕಲಿಸಿ ಎಂದೋ ಆ ಟೀಚರನ್ನು ಎಷ್ಟು ಜನ ಕೇಳಿದ್ದಾರೆ?