ಮನೆಯ ಮೂರು ಸಾಲಗಳಲ್ಲಿ ಯಾವುದು ಮೊದಲು?

ಓದುಗರ ಪತ್ರ

ಸಂಪಾದಕರಿಗೆ ಶರಣು. ನಾನು ಜೇವರ್ಗಿ ತಾಲ್ಲೂಕಿನ ರೈತ ಕುಟುಂಬದವಳು. 2019ರ ಆಗಸ್ಟ್‌ನಲ್ಲಿ ಬ್ಯಾಂಕಿನಿಂದ ಶಿಕ್ಷಣ ಸಾಲ ಪಡೆದು ಕಲಬುರಗಿಯಲ್ಲಿ ಬಿ.ಇ. ಓದಿದೆ. ಈಗ ಇಲ್ಲಿಯೇ ಖಾಸಗಿ ನೌಕರಿ, ತಿಂಗಳಿಗೆ 34,000 ರೂಪಾಯಿ ಕೈಗೆ ಬರುತ್ತದೆ. ಸಾಲ ಇನ್ನೂ 4,80,000 ರೂಪಾಯಿ ಬಾಕಿ ಇದೆ. ಬಡ್ಡಿ ಶೇ 9.5, ಕಂತು 7,845 ರೂಪಾಯಿ, ಇನ್ನು ಏಳು ವರ್ಷ ಕಟ್ಟಬೇಕು. ನನ್ನ ಉಳಿತಾಯ, ಅಪ್ಪ ತೊಗರಿ ಮಾರಿ ಕೊಟ್ಟದ್ದು ಎರಡೂ ಸೇರಿ 2,20,000 ರೂಪಾಯಿ ಕೈಯಲ್ಲಿದೆ. ನನ್ನ ಮದುವೆಗೆ ಮೊದಲು ಬ್ಯಾಂಕಿನ ಸಾಲ ತೀರಲಿ, ಇದಷ್ಟನ್ನೂ ಕಟ್ಟಿಬಿಡು ಎಂದು ಅಪ್ಪ ಹೇಳುತ್ತಾರೆ. ಬೇಗ ತೀರಿಸಿದರೆ ತೆರಿಗೆ ವಿನಾಯಿತಿ ಹೋಗುತ್ತದೆ, ಹಣವನ್ನು ಮ್ಯೂಚುವಲ್ ಫಂಡಿಗೆ ಹಾಕು ಎಂದು ಕಚೇರಿಯ ಸಹೋದ್ಯೋಗಿ ಹೇಳುತ್ತಾರೆ. ಏನು ಮಾಡಲಿ? (ಅಪ್ಪನಿಗೆ ಸೊಸೈಟಿಯ ಬೆಳೆ ಸಾಲವಿದೆ, ಗಂಜ್ ಮಾರುಕಟ್ಟೆಯ ದಲ್ಲಾಳಿ ಅಂಗಡಿಯಲ್ಲಿ ನೂರಕ್ಕೆ ಎರಡು ರೂಪಾಯಿಯಂತೆ ಒಂದೂವರೆ ಲಕ್ಷ ಕೈಗಡವೂ ಇದೆ. ಅದು ಅವರ ವ್ಯವಹಾರ.) ತಮ್ಮ ಈಗ ದ್ವಿತೀಯ ಪಿಯುಸಿಯಲ್ಲಿದ್ದಾನೆ. ಮುಂದೆ ಅವನಿಗೂ ಸಾಲ ಬೇಕಾಗಬಹುದು.

– ಹೆಸರು ಬೇಡ, ಕಲಬುರಗಿ

ಸಂಪಾದಕರ ಉತ್ತರ

ತಂಗೀ, ಶರಣು.

ನಿಮ್ಮ ಪತ್ರವನ್ನು ಮೊದಲ ಸಲ ಓದಿದಾಗ ನನಗೂ ಬ್ಯಾಂಕಿನ ಸಾಲವೊಂದೇ ಕಂಡಿತ್ತು. ಎರಡನೇ ಸಲ ಓದುವಾಗ ನೀವು ಕಂಸದಲ್ಲಿ ಹಾಕಿ ಮುಚ್ಚಿದ ವಾಕ್ಯದ ಮೇಲೆ ಕಣ್ಣು ನಿಂತಿತು. ‘ಅದು ಅವರ ವ್ಯವಹಾರ’ ಎಂದಿದ್ದೀರಿ. ಕ್ಷಮಿಸಿ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮ ಮನೆಯಲ್ಲಿ ಒಂದಲ್ಲ, ಮೂರು ಸಾಲಗಳಿವೆ. ಸೊಸೈಟಿಯ ಬೆಳೆ ಸಾಲಕ್ಕೆ ಗಡುವಿನೊಳಗೆ ಕಟ್ಟಿದರೆ ಬಡ್ಡಿಯೇ ಇಲ್ಲ. ರಾಜ್ಯದಲ್ಲಿ ಸಹಕಾರ ಸಂಘಗಳ ಅಲ್ಪಾವಧಿ ಬೆಳೆ ಸಾಲಕ್ಕೆ ಈ ಸೌಲಭ್ಯದ ಮಿತಿಯನ್ನು 2023ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದರು. ಅದನ್ನು ಒಂದು ದಿನವೂ ಮೊದಲು ತೀರಿಸಬೇಕಾಗಿಲ್ಲ, ಒಂದು ದಿನವೂ ತಡಮಾಡಬಾರದು. ಎರಡನೆಯದು ನಿಮ್ಮ ಶಿಕ್ಷಣ ಸಾಲ, ಶೇ 9.5. ಮೂರನೆಯದು ಗಂಜಿನದು. ‘ನೂರಕ್ಕೆ ಎರಡು’ ಎಂದರೆ ಕಿವಿಗೆ ಹಗುರ, ಯಾರಿಗೂ ಅದು ಬಡ್ಡಿ ಎಂದೇ ಅನಿಸುವುದಿಲ್ಲ. ಆದರೆ ಅದು ತಿಂಗಳ ಲೆಕ್ಕ, ವರ್ಷಕ್ಕೆ ಶೇ 24 ಆಯಿತು. ಒಂದೂವರೆ ಲಕ್ಷಕ್ಕೆ ತಿಂಗಳಿಗೆ 3,000, ವರ್ಷಕ್ಕೆ 36,000 ರೂಪಾಯಿ. ಅಷ್ಟೇ ಮೊತ್ತಕ್ಕೆ ನಿಮ್ಮ ಬ್ಯಾಂಕು ವರ್ಷಕ್ಕೆ ತೆಗೆದುಕೊಳ್ಳುವುದು 14,250.

ಹೀಗಿರುವಾಗ ನಿಮ್ಮ ತಂದೆಯವರು ದುಬಾರಿ ಸಾಲವನ್ನು ಹಾಗೆಯೇ ಬಿಟ್ಟು ಅಗ್ಗದ ಸಾಲವನ್ನು ತೀರಿಸಲು ಹೊರಟಿದ್ದಾರೆ. ಅವರಿಗೆ ಲೆಕ್ಕ ಬರುವುದಿಲ್ಲ ಎಂದು ದಯವಿಟ್ಟು ತಿಳಿಯಬೇಡಿ. ನಮ್ಮ ಕಡೆಯ ರೈತನಿಗೆ ಬಡ್ಡಿಯ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದಲ್ಲಾಳಿಯ ಸಾಲ ಅವರ ಪಾಲಿಗೆ ಒಳಗಿನ ಮಾತು, ಎರಡು ತಲೆಮಾರಿನ ನಂಟು. ಬ್ಯಾಂಕು ಮುಚ್ಚಿದ ಮೇಲೆ, ಕಾಗದಪತ್ರ ಕೇಳದೆ, ಆಸ್ಪತ್ರೆಗೋ ಬೀಜ ಗೊಬ್ಬರಕ್ಕೋ ಹಣ ಎಣಿಸಿಕೊಟ್ಟ ಅಂಗಡಿ ಅದು. ಬ್ಯಾಂಕಿನ ಸಾಲ ಹಾಗಲ್ಲ. ಮಗಳ ಹೆಸರಿನಲ್ಲಿದೆ, ತಾವೂ ಸಹ-ಸಾಲಗಾರರಾಗಿ ಸಹಿ ಹಾಕಿರುತ್ತಾರೆ, ನಾಳೆ ಬೀಗರು ಕೇಳಿದರೆ ತಲೆ ತಗ್ಗಿಸಬೇಕಾಗುತ್ತದೆ ಎಂಬ ಅಳುಕಿದೆ. ಈ ಸಂಕೋಚ ನನಗೆ ಅರ್ಥವಾಗುತ್ತದೆ. ಅದರ ಬೆಲೆ ವರ್ಷಕ್ಕೆ ಇಪ್ಪತ್ತೊಂದು ಸಾವಿರ ಚಿಲ್ಲರೆ ಎಂಬುದೂ ಅರ್ಥವಾಗುತ್ತದೆ.

ತಂದೆಯವರ ಮಾತಿನಂತೆ 2 ಲಕ್ಷವನ್ನು ಬ್ಯಾಂಕಿಗೆ ಕಟ್ಟಿದಿರಿ ಎಂದುಕೊಳ್ಳೋಣ. ಕಂತು ಅಷ್ಟೇ ಇಟ್ಟರೆ 84 ತಿಂಗಳ ಸಾಲ ಸುಮಾರು 42 ತಿಂಗಳಿಗೆ ಮುಗಿಯುತ್ತದೆ. ಈಗಿನ ದಾರಿಯಲ್ಲಿ ಒಟ್ಟು 1.79 ಲಕ್ಷ ಬಡ್ಡಿ ಹೋಗಬೇಕಿತ್ತು, ಅದು 50 ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಉಳಿತಾಯ 1.28 ಲಕ್ಷ. ನೋಡಲು ಸೊಗಸಾಗಿದೆ. ಆದರೆ ಆ 42 ತಿಂಗಳೂ ಗಂಜಿನಲ್ಲಿ ತಿಂಗಳಿಗೆ ಮೂರು ಸಾವಿರದಂತೆ ಬಡ್ಡಿ ಓಡುತ್ತಲೇ ಇರುತ್ತದೆ, ಒಟ್ಟು 1.26 ಲಕ್ಷ. ಒಂದೂವರೆ ಲಕ್ಷದ ಅಸಲು ಇದ್ದಲ್ಲೇ ಇರುತ್ತದೆ.

ಇನ್ನೊಂದು ದಾರಿ ಇದೆ. 2.20 ಲಕ್ಷದಲ್ಲಿ ಒಂದೂವರೆ ಲಕ್ಷವನ್ನು ಒಯ್ದು ದಲ್ಲಾಳಿ ಅಂಗಡಿಯ ಲೆಕ್ಕ ಚುಕ್ತಾ ಮಾಡಿ. ಪ್ರೋನೋಟು ಬರೆದುಕೊಟ್ಟಿದ್ದರೆ, ಖಾಲಿ ಚೆಕ್ಕು ಕೊಟ್ಟಿದ್ದರೆ ಅವುಗಳನ್ನು ಅಲ್ಲಿಯೇ ಕೇಳಿ ಪಡೆಯಿರಿ. ‘ಆಮೇಲೆ ಒಯ್ಯಿರಿ, ಎಲ್ಲಿ ಹೋಗುತ್ತದೆ’ ಎಂಬ ಪ್ರೀತಿಯ ಮಾತಿಗೆ ಒಪ್ಪಬೇಡಿ. ಹೀಗೆ ಉಳಿಯುವ ವರ್ಷದ 36,000 ರೂಪಾಯಿಯನ್ನು ತಂದೆಯವರು ನಿಮ್ಮ ಬ್ಯಾಂಕಿನ ಸಾಲದ ಕಡೆಗೆ ತಿರುಗಿಸಲು ಒಪ್ಪಿದರೆ, ಅಂದರೆ ಕಂತಿನ ಮೇಲೆ ತಿಂಗಳಿಗೆ 3,000 ಹೆಚ್ಚು ಕಟ್ಟಿದರೆ, ಶಿಕ್ಷಣ ಸಾಲವೂ 84ರ ಬದಲು 55 ತಿಂಗಳಿಗೆ ಮುಗಿಯುತ್ತದೆ. ತಿಂಗಳು ತಿಂಗಳು ಆಗದಿದ್ದರೆ ರಾಶಿಯಾದ ಮೇಲೆ ವರ್ಷಕ್ಕೊಮ್ಮೆ ಕಟ್ಟಿರಿ, ಒಂದೆರಡು ತಿಂಗಳು ಹೆಚ್ಚು ಹಿಡಿಯಬಹುದು, ಅಷ್ಟೇ.

ತಂದೆಯವರ ಮುಂದೆ ಶೇಕಡಾ ಲೆಕ್ಕ ಹಿಡಿಯಬೇಡಿ, ತೊಗರಿಯ ಲೆಕ್ಕ ಹೇಳಿ. 2025-26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 8,000 ರೂಪಾಯಿ. ವರ್ಷದ 36,000 ಎಂದರೆ ನಾಲ್ಕೂವರೆ ಕ್ವಿಂಟಾಲ್ ತೊಗರಿ, ಮಳೆಯನ್ನೇ ನಂಬಿದ ಹೊಲದಲ್ಲಿ ಒಂದು ಎಕರೆಯ ಒಳ್ಳೆಯ ರಾಶಿ. ಪ್ರತಿ ವರ್ಷ ಒಂದು ಎಕರೆಯನ್ನು ಬಡ್ಡಿಗಾಗಿಯೇ ಬಿತ್ತುತ್ತಿದ್ದೇವೆ ಎಂದು ಹೇಳಿ ನೋಡಿ. ಇದಲ್ಲದೆ ಪಟ್ಟಿಯಲ್ಲಿ ಕಾಣದ ಇನ್ನೊಂದು ಬಡ್ಡಿಯೂ ಇದೆ. ಸಾಲ ಕೊಟ್ಟ ಅಂಗಡಿಗೇ ಮಾಲು ಹಾಕಬೇಕು, ಅದೂ ರಾಶಿ ಮುಗಿದ ಕೂಡಲೇ, ಊರಿನವರೆಲ್ಲ ಚೀಲ ಹೊತ್ತು ತಂದು ಧಾರಣೆ ಕುಸಿದಿರುವ ಹೊತ್ತಿನಲ್ಲಿ. ಬಾಕಿ ಇಲ್ಲದವನು ಖರೀದಿ ಕೇಂದ್ರದ ಸರದಿಗೆ ಕಾಯಬಲ್ಲ, ಬೆಲೆ ಏರುವವರೆಗೆ ಮನೆಯಲ್ಲಿ ಚೀಲ ಇಟ್ಟುಕೊಳ್ಳಬಲ್ಲ. ಆ ಲಾಭಕ್ಕೆ ನಾನು ಅಂಕಿ ಹಾಕಲಾರೆ, ನಿಮ್ಮ ತಂದೆಯವರು ಹಾಕಬಲ್ಲರು.

ಇನ್ನು ಉಳಿದ 70,000. ಅದನ್ನು ಯಾವ ಸಾಲಕ್ಕೂ ಕಟ್ಟಬೇಡಿ.

ಇಲ್ಲಿ ನನ್ನದೇ ಕಥೆ ಹೇಳಬೇಕು. ನೌಕರಿ ಸೇರಿದ ಹೊಸತರಲ್ಲಿ ನನ್ನ ಮೇಲೂ ಒಂದು ಸಾಲವಿತ್ತು, ಅದು ಹೆಗಲ ಮೇಲೆ ಕುಳಿತಂತೆ ಅನಿಸುತ್ತಿತ್ತು. ಒಂದು ದಿನ ಕೈಯಲ್ಲಿದ್ದುದನ್ನೆಲ್ಲ ಬಳಿದು ಕಟ್ಟಿ, ಬೇಬಾಕಿ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಶರಣಬಸವೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದೆ. ಮೂರು ತಿಂಗಳಾಗಿರಲಿಲ್ಲ, ಅವ್ವನನ್ನು ಸೊಲ್ಲಾಪುರದ ಆಸ್ಪತ್ರೆಗೆ ಸೇರಿಸಬೇಕಾಯಿತು. ಬ್ಯಾಂಕಿಗೆ ಕಟ್ಟಿದ ಹಣವನ್ನು ತಿರುಗಿ ಕೊಡಿ ಎನ್ನಲಾಗುವುದಿಲ್ಲವಲ್ಲ. ಹೆಂಡತಿಯ ಬಳೆಗಳು ಅಡವಿಗೆ ಹೋದವು, ತೀರಿಸಿದ ಸಾಲಕ್ಕಿಂತ ಹೆಚ್ಚಿನ ಬಡ್ಡಿಗೆ. ಅವ್ವ ಗುಣವಾಗಿ ಬಂದಳು, ಬಳೆ ಬರಲು ಎರಡು ವರ್ಷ ಬೇಕಾಯಿತು. ಹೆಂಡತಿ ಇಂದಿಗೂ ಆ ಬೇಬಾಕಿ ಪತ್ರದ ಸುದ್ದಿ ತೆಗೆದು ನಗುತ್ತಾಳೆ, ನಾನು ನಗುವುದಿಲ್ಲ.

ಶಿಕ್ಷಣ ಸಾಲ, ಕಟ್ಟಿದ್ದನ್ನು ಬೇಕಾದಾಗ ಮತ್ತೆ ತೆಗೆಯಬಹುದಾದ ಓವರ್‌ಡ್ರಾಫ್ಟ್ ಖಾತೆಯಂತೆ ಅಲ್ಲ, ಮುಂಚಿತವಾಗಿ ಕಟ್ಟಿದ್ದು ಒಳಗೆ ಹೋದರೆ ಹೋಯಿತು. ಮಳೆಯನ್ನು ನಂಬಿದ ಮನೆ ನಿಮ್ಮದು. 2025ರ ಮಳೆಗಾಲದಲ್ಲಿ ಭೀಮಾ ತೀರದ ಹೊಲಗಳಲ್ಲಿ ನೀರು ನಿಂತದ್ದನ್ನು ನಿಮ್ಮ ತಾಲ್ಲೂಕಿನವರಿಗೆ ನಾನು ನೆನಪಿಸಬೇಕಾಗಿಲ್ಲ. ನೀರಿನ ಕಾಟ ತಪ್ಪಿದರೆ ತೊಗರಿ ಗಿಡವನ್ನು ಒಣಗಿಸುವ ನೆಟೆ ರೋಗ ಇದ್ದೇ ಇದೆ. ಅಂಥ ವರ್ಷ ಕೈಯಲ್ಲಿ ಎಪ್ಪತ್ತು ಸಾವಿರ ಇಲ್ಲದಿದ್ದರೆ ತಂದೆಯವರ ಕಾಲು ತಾನಾಗಿಯೇ ಮತ್ತೆ ಗಂಜಿನ ದಾರಿ ಹಿಡಿಯುತ್ತದೆ, ನಾವು ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಆ ಹಣವನ್ನು ಠೇವಣಿಯಲ್ಲಿ ಇಟ್ಟರೆ ಸಾಲದ ಬಡ್ಡಿಗಿಂತ ಕಡಿಮೆ ಬರುತ್ತದೆ, ವರ್ಷಕ್ಕೆ ಎರಡು ಸಾವಿರದಷ್ಟು ಖೋತಾ. ಆಗಲಿ ಬಿಡಿ.

ಸಹೋದ್ಯೋಗಿಯ ಮಾತಿಗೆ ಬರುತ್ತೇನೆ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆ ಕಾಯ್ದೆ ಕೊಡುವ ವಿನಾಯಿತಿ ನಿಜ, ಮೊತ್ತಕ್ಕೆ ಮಿತಿ ಇಲ್ಲ ಎಂಬುದೂ ನಿಜ. ಆದರೆ ಅದು ಬಡ್ಡಿಗೆ ಮಾತ್ರ, ಅಸಲಿಗಿಲ್ಲ. ಬಡ್ಡಿ ಕಟ್ಟಲು ಆರಂಭಿಸಿದ ವರ್ಷವೂ ಸೇರಿ ಎಂಟು ವರ್ಷ ಮಾತ್ರ. ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ. ಹೊಸ ಪದ್ಧತಿಯಲ್ಲಿ ಆ ವಿನಾಯಿತಿಯೇ ಇಲ್ಲ, ಅದರ ಬದಲಿಗೆ 2025-26ರಿಂದ ವರ್ಷಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿಯ ಮೂಲಕ ತೆರಿಗೆಯೇ ಬೀಳುವುದಿಲ್ಲ. ನಿಮ್ಮ ಸಂಬಳ ಅದರ ಅರ್ಧವೂ ಇಲ್ಲ. ಕಟ್ಟಬೇಕಾದ ತೆರಿಗೆಯೇ ಇಲ್ಲದವರು ಯಾವ ವಿನಾಯಿತಿಯನ್ನು ಕಳೆದುಕೊಳ್ಳುತ್ತಾರೆ? ತೆರಿಗೆ ಕಟ್ಟುವವರಿಗೂ ನಾನು ಕೇಳುವುದು ಇಷ್ಟೇ: ಇಪ್ಪತ್ತು ರೂಪಾಯಿ ಉಳಿಸಲು ನೂರು ರೂಪಾಯಿ ಬಡ್ಡಿ ಕೊಡುವುದು ಯಾವ ಊರಿನ ವ್ಯಾಪಾರ? ಮ್ಯೂಚುವಲ್ ಫಂಡ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ಬರುವುದು ಬರಬಹುದಾದ ಹಣ, ಸಾಲ ತೀರಿಸಿ ಉಳಿಸುವ ಶೇ 24 ಮತ್ತು ಶೇ 9.5 ಖಚಿತವಾದ ಹಣ. ಫಂಡಿನ ಸರದಿ ಈ ಎರಡು ಸಾಲಗಳೂ ಮುಗಿದ ಮೇಲೆ.

ನಡುವೆ ಒಂದು ದಿನ ರಜೆ ಹಾಕಿ ಬ್ಯಾಂಕಿನ ಶಾಖೆಗೆ ಹೋಗಿ. ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ 2025ರಲ್ಲಿ ನಾಲ್ಕು ಸಲ ಇಳಿದು ಶೇ 6.5ರಿಂದ ಶೇ 5.25ಕ್ಕೆ ಬಂದಿತು, ನಿಮ್ಮ ಸಾಲ ಮಾತ್ರ ಶೇ 9.5ರಲ್ಲೇ ನಿಂತಿದೆ. ಕಾರಣ ನಿಮ್ಮ ಸಾಲದ ತಾರೀಖಿನಲ್ಲೇ ಇರಬಹುದೆಂದು ನನ್ನ ಊಹೆ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಬದಲಾಗುವ ಬಡ್ಡಿಯ ಹೊಸ ವೈಯಕ್ತಿಕ ಸಾಲಗಳನ್ನು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಿಸಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿತು, ಶಿಕ್ಷಣ ಸಾಲವೂ ಅದೇ ಗುಂಪಿಗೆ ಸೇರುತ್ತದೆ. ನಿಮ್ಮದು ಎರಡು ತಿಂಗಳು ಮೊದಲಿನದು, ಬ್ಯಾಂಕು ತನ್ನ ವೆಚ್ಚ ನೋಡಿ ತಾನೇ ದರ ಕಟ್ಟುವ ಹಳೆಯ ಎಂಸಿಎಲ್‌ಆರ್ ಲೆಕ್ಕದಲ್ಲೇ ಉಳಿದಿರಬಹುದು. ‘ರೆಪೊ ಆಧಾರಿತ ದರಕ್ಕೆ ವರ್ಗಾಯಿಸಿ’ ಎಂದು ಅರ್ಜಿ ಕೊಡಿ. ವಿದ್ಯಾರ್ಥಿನಿಯರಿಗೆ ಹಲವು ಬ್ಯಾಂಕುಗಳು ಅರ್ಧ ಶೇಕಡಾ ರಿಯಾಯಿತಿ ಕೊಡುತ್ತವೆ, ಅದು ನಿಮಗೆ ಸಿಕ್ಕಿದೆಯೇ ಎಂದೂ ಕೇಳಿ. ಒಂದು ಶೇಕಡಾ ಇಳಿದರೂ ಮೊದಲ ವರ್ಷವೇ ಹತ್ತಿರ ಹತ್ತಿರ 4,500 ರೂಪಾಯಿ ಉಳಿಯುತ್ತದೆ, ಕೈಯಿಂದ ಪೈಸೆ ಹಾಕದೆ. ಕೌಂಟರಿನಲ್ಲಿ ಬಾಯಿಮಾತಿಗೆ ತಲೆಯಾಡಿಸಿ ಕಳುಹಿಸಬಹುದು, ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ಹೆಚ್ಚುವರಿ ಹಣ ಕಟ್ಟುವಾಗಲೂ ಬರವಣಿಗೆ ಬೇಕು. ‘ಇದನ್ನು ಅಸಲಿಗೆ ಜಮೆ ಮಾಡಿ, ಕಂತು ಅಷ್ಟೇ ಇರಲಿ, ಅವಧಿ ಕಡಿಮೆ ಮಾಡಿ’ ಎಂದು ಸ್ಪಷ್ಟವಾಗಿ ಬರೆಯಿರಿ. ಹೇಳದಿದ್ದರೆ ಅವಧಿಯನ್ನು ಹಾಗೆಯೇ ಇಟ್ಟು ಕಂತು ಇಳಿಸಿಬಿಡುವುದುಂಟು. ಮೇಲೆ ಹೇಳಿದ 2 ಲಕ್ಷದ ಲೆಕ್ಕದಲ್ಲಿ ಹಾಗೆ ಮಾಡಿದರೆ 1.28 ಲಕ್ಷ ಉಳಿಯುವ ಕಡೆ 75 ಸಾವಿರದಷ್ಟೇ ಉಳಿಯುತ್ತದೆ. ಮುಂಚಿತವಾಗಿ ಕಟ್ಟಿದ್ದಕ್ಕೆ ದಂಡವಿದೆಯೇ ಎಂಬ ಹೆದರಿಕೆ ಬೇಡ. ಬದಲಾಗುವ ಬಡ್ಡಿಯ ಇಂಥ ಸಾಲಗಳಿಗೆ ವ್ಯಕ್ತಿಗಳಿಂದ ಬ್ಯಾಂಕುಗಳು ಆ ಶುಲ್ಕ ಪಡೆಯಬಾರದೆಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ. ನಿಮ್ಮದು ಸ್ಥಿರ ಬಡ್ಡಿಯ ಸಾಲವಾಗಿದ್ದರೆ ಮಾತ್ರ ಮಂಜೂರಾತಿ ಪತ್ರವನ್ನು ಓದಿ ನೋಡಿ.

ಮದುವೆಯ ಮಾತು ಬಾಕಿ ಇದೆ. ಇದರಲ್ಲಿ ನಾನು ಸ್ವಲ್ಪ ಒರಟ. ಹುಡುಗಿಯ ಸಂಬಳ ಎಷ್ಟು ಎಂದು ಮೊದಲ ಭೇಟಿಯಲ್ಲೇ ಕೇಳುವ ಮನೆಯವರಿಗೆ, ಆ ಸಂಬಳ ತರುವ ಓದಿಗೆ ಎಷ್ಟು ಖರ್ಚಾಯಿತೆಂದು ತಿಳಿದಿರುವುದು ನ್ಯಾಯವೇ. ನೀವೇ ಹೇಳಿಬಿಡಿ: ಇಷ್ಟು ಬಾಕಿ, ಇಷ್ಟು ಕಂತು, ಇಂಥ ವರ್ಷ ಮುಗಿಯುತ್ತದೆ, ಅಲ್ಲಿಯವರೆಗೆ ನನ್ನ ಸಂಬಳದಿಂದಲೇ ಹೋಗುತ್ತದೆ. ಇದನ್ನು ಕೇಳಿ ಹಿಂದೆ ಸರಿಯುವವರು ಸರಿಯಲಿ. ತಂದೆಯವರಿಗೆ ಈ ಮಾತನ್ನು ನನ್ನ ಹೆಸರಿನಲ್ಲಿ ಹೇಳಿ, ಬೈಗುಳ ನನಗಿರಲಿ. ಇನ್ನೂ ಒಂದು ಮಾತು ಸೇರಿಸಿ: ಮದುವೆಯ ಹೊತ್ತಿಗೆ ಕೈ ಖಾಲಿಯಾಗಿದ್ದರೆ ಖರ್ಚಿಗೆಂದು ಅವರು ಮತ್ತೆ ಅದೇ ದಲ್ಲಾಳಿ ಅಂಗಡಿಯ ಕಟ್ಟೆ ಹತ್ತಬೇಕಾಗುತ್ತದೆ. ಆಗ ಮಗಳ ಶೇ 9.5ರ ಸಾಲ ಅಪ್ಪನ ಶೇ 24ರ ಸಾಲವಾಗಿ ಮನೆಗೆ ಮರಳುತ್ತದೆ.

ತಮ್ಮನ ವಿಷಯ. ನೀವು ಬೇಗ ತೀರಿಸಿದರಷ್ಟೇ ಅವನಿಗೆ ಸಾಲ ಸಿಗುತ್ತದೆ ಎಂದೇನಿಲ್ಲ. ಅವನ ಸಾಲಕ್ಕೂ ತಂದೆಯವರೇ ಸಹ-ಸಾಲಗಾರರಾಗುವುದರಿಂದ ಬ್ಯಾಂಕಿನವರು ಅವರ ಸಿಬಿಲ್ ದಾಖಲೆಯನ್ನು, ಅಂದರೆ ಹಿಂದಿನ ಸಾಲ ಕಟ್ಟಿದ ಚರಿತ್ರೆಯನ್ನು ನೋಡುತ್ತಾರೆ. ನಿಮ್ಮ ಕಂತು ಒಂದೂ ತಪ್ಪದೆ ಹೋಗಿದ್ದರೆ ಅದು ಅವರ ದಾಖಲೆಗೂ ಬಲ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ 10 ಲಕ್ಷದವರೆಗಿನ ಸಾಲಕ್ಕೆ, ಓದುವ ಅವಧಿ ಮತ್ತು ಆಮೇಲಿನ ಬಿಡುವಿನ ಅವಧಿಯಲ್ಲಿ ಶೇ 3 ಬಡ್ಡಿ ಸಹಾಯಧನವಿದೆ. ಎಲ್ಲ ಕಾಲೇಜುಗಳೂ ಆ ಪಟ್ಟಿಯಲ್ಲಿಲ್ಲ, ಸೀಟು ಆರಿಸುವ ಮೊದಲೇ ನೋಡಿಕೊಳ್ಳಲಿ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ನಿಗಮಗಳ ‘ಅರಿವು’ ಸಾಲಕ್ಕೆ ಬಡ್ಡಿ ಶೇ 2 ಮಾತ್ರ, ನೀವು ಅದಕ್ಕೆ ಅರ್ಹರಾಗಿದ್ದರೆ ಬ್ಯಾಂಕಿಗಿಂತ ಮೊದಲು ಅಲ್ಲಿ ಅರ್ಜಿ ಹಾಕಲಿ. ಎರಡಕ್ಕೂ ಆದಾಯ ಪ್ರಮಾಣಪತ್ರ ಬೇಕು. ಫಲಿತಾಂಶ ಬಂದ ವಾರ ಜೇವರ್ಗಿಯ ನಾಡಕಚೇರಿಯಲ್ಲಿ ಎಷ್ಟು ಉದ್ದದ ಸಾಲು ಇರುತ್ತದೆಂದು ನಿಮಗೆ ಗೊತ್ತು. ಈ ತಿಂಗಳೇ ಮಾಡಿಸಿಡಿ.